ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್: ಕಿಟ್ ತರುವ ಮೊದಲು

ಪ್ರಶ್ನೆ: ನನ್ನದು 1968ರ ಷೆವರ್ಲೆ ಸಿ-10 ಪಿಕಪ್, ಶಾರ್ಟ್ ಬೆಡ್ (ಹಿಂದಿನ ತೊಟ್ಟಿ ಗಿಡ್ಡದು). ಮುಂದಿನ ಚಕ್ರಗಳಿಗೆ ಆಗಲೇ 1971ರ ಮಾಡೆಲ್‌ನ ಡಿಸ್ಕ್ ಬ್ರೇಕ್ ಹಾಕಿಸಿದ್ದೇನೆ. ಪೆಡಲ್ ಒತ್ತಲು ನೆರವಾಗುವ ಬೂಸ್ಟರ್, ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಕೂಡ ಅದರದ್ದೇ. ಹಿಂದೆ ಮಾತ್ರ ಕಂಪನಿಯಿಂದ ಬಂದ ಡ್ರಮ್ ಇದೆ. ಪೆಡಲ್ ಸ್ವಲ್ಪ ಜಾಸ್ತಿನೇ ಕೆಳಗೆ ಹೋಗುತ್ತದೆ. ಹಿಂದಕ್ಕೂ ಡಿಸ್ಕ್ ಕಿಟ್ ತಂದು ಹಾಕಿದರೆ ಗಾಡಿ ಇನ್ನೂ ಬೇಗ ನಿಲ್ಲುತ್ತದೆ ಅಲ್ವಾ? ಮಾಸ್ಟರ್ ಸಿಲಿಂಡರ್ ಮತ್ತೆ ಬದಲಿಸಬೇಕಾ? ಪಾರ್ಕಿಂಗ್ ಬ್ರೇಕ್ ಗತಿ ಏನು?

ಉತ್ತರ: ಇಲ್ಲ, ಬೇಗ ನಿಲ್ಲುವುದಿಲ್ಲ. ಖಾಲಿ ಪಿಕಪ್ ಅಂತೂ ಖಂಡಿತ ಇಲ್ಲ. ಕಿಟ್‌ಗೆ ದುಡ್ಡು ಕಟ್ಟಿದ ಮೇಲೆ ಹೇಳಿದರೆ ಬೇಜಾರಾಗುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತಿದ್ದೇನೆ.

ಬ್ರೇಕ್ ಹಿಡಿಯುವುದು ಚಕ್ರವನ್ನು. ಗಾಡಿಯನ್ನು ನಿಲ್ಲಿಸುವುದು ಟೈರು. ಟೈರಿನ ಮೇಲೆ ಎಷ್ಟು ಭಾರ ಇದೆಯೋ ಅಷ್ಟೇ ಅದರ ಹಿಡಿತ. ನಿಮ್ಮ ಗಾಡಿಯ ಎರಡು ಆಕ್ಸಲ್‌ಗಳ ನಡುವೆ 115 ಇಂಚು, ಅಂದರೆ ಸುಮಾರು 2.9 ಮೀಟರ್ ಅಂತರ. ಲೆಕ್ಕಕ್ಕೆ ಅಂತ ಖಾಲಿ ಗಾಡಿಯ ತೂಕ 1,700 ಕಿಲೋ ಇಟ್ಟುಕೊಳ್ಳಿ. ಮುಂದೆ 980, ಹಿಂದೆ 720. ಭಾರದ ಕೇಂದ್ರ ನೆಲದಿಂದ 65 ಸೆಂಟಿಮೀಟರ್ ಮೇಲೆ ಇದೆ ಅನ್ನಿ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಮೂತಿ ಕೆಳಗೆ ಬಾಗುತ್ತದಲ್ಲ, ಆಗ ಸುಮಾರು 300 ಕಿಲೋ ಭಾರ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಹಿಂದೆ ಉಳಿಯುವುದು 420 ಕಿಲೋ, ಒಟ್ಟು ತೂಕದ ಕಾಲು ಭಾಗ. ಅಷ್ಟು ಹಗುರ ಇರುವ ಚಕ್ರವನ್ನು ಹಿಡಿಯಲು ನಿಮ್ಮ ಹಳೆಯ ಡ್ರಮ್ ಸಾಕು, ಬೇಕಾದ್ದಕ್ಕಿಂತ ಜಾಸ್ತಿನೇ ಇದೆ. ಚಕ್ರ ಜಾಮ್ ಆಗುವಷ್ಟು ಶಕ್ತಿ ಇರುವ ಬ್ರೇಕಿಗೆ ಇನ್ನಷ್ಟು ಶಕ್ತಿ ಕೊಟ್ಟು ಏನು ಮಾಡುತ್ತೀರಿ?

ತೊಂದರೆ ಇರುವುದೂ ಅಲ್ಲೇ. ಮುಂದಿನ ಚಕ್ರ ಮೊದಲು ಜಾಮ್ ಆದರೆ ಗಾಡಿ ನೇರ ಜಾರುತ್ತದೆ, ಸ್ಟೀರಿಂಗ್ ಕೇಳುವುದಿಲ್ಲ ಅಷ್ಟೇ. ಹಿಂದಿನದು ಮೊದಲು ಜಾಮ್ ಆದರೆ ಹಿಂಬದಿ ಪಕ್ಕಕ್ಕೆ ಬೀಸಿಕೊಂಡು ಗಾಡಿ ತಿರುಗಿಬಿಡುತ್ತದೆ. ಸರಿಯಾಗಿ ಹೊಂದಿಸದ ರಿಯರ್ ಡಿಸ್ಕ್ ಹಾಕಿದ ಖಾಲಿ ಪಿಕಪ್ ಒದ್ದೆ ರಸ್ತೆಯಲ್ಲಿ ಮಾಡುವುದು ಇದನ್ನೇ. ನೀವು ಮುಂದೆ ಮೊದಲು ಡಿಸ್ಕ್ ಹಾಕಿಸಿದ್ದು ಒಳ್ಳೆಯದಾಯಿತು. ಮುಂದೆ ಡ್ರಮ್ ಇಟ್ಟುಕೊಂಡು ಹಿಂದಕ್ಕೆ ಮಾತ್ರ ಡಿಸ್ಕ್ ಕೇಳುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಒಂದೇ ಮಾತು: ಬೇಡ.

ಹಾಗಾದರೆ ಹಿಂದೆ ಡಿಸ್ಕ್ ಹಾಕುವುದೇ ವ್ಯರ್ಥವಾ? ಅಲ್ಲ. ಹಿಂದೆ ಟ್ರೇಲರ್ ಎಳೆಯುತ್ತೀರಾ, ಭಾರ ಹೇರಿಕೊಂಡು ಉದ್ದನೆಯ ಇಳಿಜಾರು ಇಳಿಯುತ್ತೀರಾ, ಆಗ ಲಾಭ ಇದೆ. ಬಿಸಿಯಾದಂತೆ ಡ್ರಮ್ ಹಿಗ್ಗುತ್ತದೆ, ಹಿಗ್ಗಿ, ಒಳಗಿನಿಂದ ಅದನ್ನು ಒತ್ತಿ ಹಿಡಿಯುವ ಶೂಗಳಿಂದ ದೂರ ಹೋಗುತ್ತದೆ. ಪೆಡಲ್ ಕೆಳಕೆಳಗೆ ಇಳಿಯುತ್ತದೆ. ಡಿಸ್ಕ್ ಹಿಗ್ಗಿದರೆ ದಪ್ಪವಾಗಿ, ಅದನ್ನು ಎರಡೂ ಕಡೆಯಿಂದ ಹಿಡಿಯುವ ಪ್ಯಾಡಿನ ಕಡೆಗೇ ಬರುತ್ತದೆ, ಗಾಳಿಗೂ ತೆರೆದಿರುತ್ತದೆ. ನೀರಿನಲ್ಲಿ ಇಳಿದು ಬಂದರೆ ಡಿಸ್ಕ್ ನಾಲ್ಕು ಸುತ್ತಿನಲ್ಲಿ ನೀರು ಕೊಡವಿಕೊಳ್ಳುತ್ತದೆ. ಡ್ರಮ್ ಒಳಗೆ ಹೊಕ್ಕ ನೀರು ಅಷ್ಟು ಬೇಗ ಹೊರಗೆ ಬರುವುದಿಲ್ಲ. ಪ್ಯಾಡ್ ಬದಲಿಸುವುದು ಅರ್ಧ ಗಂಟೆಯ ಕೆಲಸ, ಸ್ಪ್ರಿಂಗ್ ಹಾರಿ ಮುಖಕ್ಕೆ ಬಡಿಯುವ ಭಯ ಇಲ್ಲ. ಈ ಕಾರಣಗಳಿಗೆ ಹಾಕಿ, ನಾನೂ ಹಾಕಿದ್ದೇನೆ. ನಿಲ್ಲುವ ದೂರ ಕಡಿಮೆಯಾಗುತ್ತದೆ ಅಂತ ಮಾತ್ರ ಹಾಕಬೇಡಿ.

ಅದಕ್ಕೂ ಮೊದಲು ಆ ಪೆಡಲ್ ಯಾಕೆ ಕೆಳಗೆ ಹೋಗುತ್ತಿದೆ ನೋಡಿ. ಹತ್ತರಲ್ಲಿ ಎಂಟು ಗಾಡಿಗಳಲ್ಲಿ ಅದು ಹಿಂದಿನ ಶೂ ಸಡಿಲ ಆಗಿರುವುದು. ನಿಮ್ಮ ಗಾಡಿಯ ಡ್ರಮ್‌ನಲ್ಲಿ ಶೂ ತಾನಾಗಿ ಬಿಗಿಯಾಗುವ ಏರ್ಪಾಡು ಇದೆ, ಆದರೆ ಅದು ಕೆಲಸ ಮಾಡುವುದು ರಿವರ್ಸ್‌ನಲ್ಲಿ ಬ್ರೇಕ್ ಒತ್ತಿದಾಗ ಮಾತ್ರ. ರಿವರ್ಸ್ ಹೋಗುವಾಗ ಗಾಡಿಯನ್ನು ಹಾಗೇ ಉರುಳಿಸಿ ಕ್ಲಚ್ಚಲ್ಲೇ ನಿಲ್ಲಿಸುವ ಅಭ್ಯಾಸದವರ ಗಾಡಿಯಲ್ಲಿ ಅದು ವರ್ಷಗಟ್ಟಲೆ ಕದಲುವುದಿಲ್ಲ. ಜೊತೆಗೆ ಶೂ ಬಿಗಿಮಾಡುವ ಚಿಕ್ಕ ಹಲ್ಲುಚಕ್ರದ ಸ್ಕ್ರೂ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಯಾರೋ ಅದಲುಬದಲು ಮಾಡಿ ಹಾಕಿದ್ದರೆ ಬಿಗಿಯಾಗುವ ಬದಲು ಸಡಿಲ ಆಗುತ್ತಾ ಹೋಗುತ್ತದೆ. ಎರಡು ಶೂಗಳ ಲೈನರ್ (ಡ್ರಮ್ಮಿಗೆ ಉಜ್ಜುವ ಪಟ್ಟಿ) ಕೂಡ ಒಂದೇ ಉದ್ದ ಇರುವುದಿಲ್ಲ. ಗಿಡ್ಡದು ಗಾಡಿಯ ಮೂತಿಯ ಕಡೆಗೆ, ಉದ್ದದ್ದು ಹಿಂದಕ್ಕೆ. ಇದನ್ನು ತಿರುವುಮುರುವು ಹಾಕಿದ ಗಾಡಿಗಳನ್ನು ನಾನು ಲೆಕ್ಕ ಇಡುವುದು ಬಿಟ್ಟಿದ್ದೇನೆ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಏರ್ ಗನ್‌ನಿಂದ ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಒರೆಸಿ. ಶೂ ಸರಿಯಾಗಿ ಬಿಗಿಮಾಡಿ ಒಂದು ವಾರ ಓಡಿಸಿ ನೋಡಿ. ಅಷ್ಟಕ್ಕೇ ಸಮಾಧಾನ ಆದರೆ ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಿ. ಅದರಿಂದ ಗಾಡಿ ನಿಜವಾಗಿಯೂ ಬೇಗ ನಿಲ್ಲುತ್ತದೆ.

ಇಲ್ಲ, ಡಿಸ್ಕೇ ಬೇಕು ಅನ್ನುವುದಾದರೆ ಮುಂದೆ ಓದಿ.

ಕಿಟ್ ಡಬ್ಬಿಯಲ್ಲಿ ಬರುವುದು ಬ್ರಾಕೆಟ್, ಡಿಸ್ಕ್, ಕ್ಯಾಲಿಪರ್ (ಪಿಸ್ಟನ್ನಿನಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಪ್ಯಾಡ್, ಎರಡು ರಬ್ಬರ್ ಹೋಸ್. ಅದು ಅರ್ಧ ಕೆಲಸ. ಡ್ರಮ್ಮಿಗೂ ಡಿಸ್ಕಿಗೂ ಬ್ರೇಕ್ ಎಣ್ಣೆಯ ಕಡೆಯಿಂದ ಬೇಕಾಗುವುದು ಬೇರೆಬೇರೆ, ಉಳಿದರ್ಧ ಕೆಲಸ ಅದನ್ನು ಹೊಂದಿಸುವುದು. ಡ್ರಮ್‌ನಲ್ಲಿ ಮುಂದಿನ ಶೂ ತಿರುಗುವ ಡ್ರಮ್ಮಿಗೆ ತಾಗಿದ ತಕ್ಷಣ ಅದರ ಜೊತೆ ಎಳೆದುಕೊಂಡು ಹೋಗಿ ಹಿಂದಿನ ಶೂವನ್ನು ಒತ್ತುತ್ತದೆ. ನೀವು ಸ್ವಲ್ಪ ಒತ್ತಿದರೆ ಅದು ತಾನೇ ಜಾಸ್ತಿ ಒತ್ತಿಕೊಳ್ಳುತ್ತದೆ. ಡಿಸ್ಕಿಗೆ ಈ ಉಪಕಾರ ಇಲ್ಲ. ಪಿಸ್ಟನ್ ಎಷ್ಟು ಒತ್ತಿತೋ ಅಷ್ಟೇ. ಹಾಗಾಗಿ ಅದಕ್ಕೆ ದೊಡ್ಡ ಪಿಸ್ಟನ್ ಬೇಕು, ಜಾಸ್ತಿ ಒತ್ತಡ ಬೇಕು, ಮತ್ತು ಪೆಡಲ್ ಬಿಟ್ಟಾಗ ಒತ್ತಡ ಪೂರ್ತಿ ಇಳಿಯಬೇಕು.

ಈ ಕೊನೆಯದನ್ನು ನಾನು ಕಲಿತದ್ದು ಸುಟ್ಟ ವಾಸನೆಯಿಂದ. ನನ್ನ ಮೊದಲ ರಿಯರ್ ಡಿಸ್ಕ್ ಕೆಲಸ. ಎಲ್ಲಾ ಹೊಸದು, ಪೆಡಲ್ ಕಲ್ಲಿನ ಹಾಗೆ ಗಟ್ಟಿ, ನಾನು ಬೀಗಿದ್ದೇ ಬೀಗಿದ್ದು. ಮೂರು ಕಿಲೋಮೀಟರ್ ಹೋಗುವುದರಲ್ಲಿ ಗಾಡಿ ಯಾಕೋ ಭಾರ ಅನ್ನಿಸಿತು, ಎರಡನೇ ಗೇರಿಗೆ ಇಳಿಸಿದೆ. ಇನ್ನೂ ಸ್ವಲ್ಪ ದೂರ ಹೋದ ಮೇಲೆ ಉಗುರು ಸುಟ್ಟಂಥ ವಾಸನೆ. ಇಳಿದು ನೋಡಿದರೆ ಹಿಂದಿನ ಎರಡೂ ಡಿಸ್ಕ್ ನೀಲಿ ತಿರುಗಿವೆ, ಹೊಸ ಪ್ಯಾಡಿನಿಂದ ಹೊಗೆ. ಕ್ಯಾಲಿಪರ್ ಕೆಟ್ಟಿದೆ ಅಂದುಕೊಂಡು ಅದನ್ನು ಬಿಚ್ಚಿದೆ, ಮತ್ತೆ ಹಾಕಿದೆ. ಮತ್ತೆ ಅದೇ ಕಥೆ. ತಪ್ಪು ಇದ್ದದ್ದು ಗಾಡಿಯ ಇನ್ನೊಂದು ತುದಿಯಲ್ಲಿ, ಮಾಸ್ಟರ್ ಸಿಲಿಂಡರಿನೊಳಗೆ.

ಡ್ರಮ್ ಬ್ರೇಕಿನ ಪೈಪಿನಲ್ಲಿ ಪೆಡಲ್ ಬಿಟ್ಟ ಮೇಲೂ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ 10 ಪೌಂಡ್) ಒತ್ತಡ ಉಳಿಸಿಕೊಳ್ಳುವ ಒಂದು ಚಿಕ್ಕ ವಾಲ್ವ್ ಇರುತ್ತದೆ, ರೆಸಿಡ್ಯುಯಲ್ ವಾಲ್ವ್ ಅಂತ. ಶೂವನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಕಪ್ ಗೋಡೆಗೆ ಅಂಟಿಕೊಂಡೇ ಇರಲಿ, ಗಾಳಿ ಎಳೆಯದಿರಲಿ ಅಂತ. ಡ್ರಮ್ಮಿಗೆ ಇದರಿಂದ ತೊಂದರೆ ಇಲ್ಲ, ಯಾಕೆಂದರೆ ದಪ್ಪ ಸ್ಪ್ರಿಂಗ್‌ಗಳು ಶೂವನ್ನು ಹಿಂದಕ್ಕೆ ಎಳೆಯುತ್ತವೆ. ಕ್ಯಾಲಿಪರಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಎರಡೂವರೆ ಇಂಚಿನ ಪಿಸ್ಟನ್ ಮೇಲೆ 10 ಪಿಎಸ್‌ಐ ಅಂದರೆ 22 ಕಿಲೋ. ನಿಮ್ಮ ಕಾಲು ಪೆಡಲ್ ಮೇಲೆ ಇಲ್ಲದಿದ್ದರೂ ಪ್ಯಾಡು 22 ಕಿಲೋ ಬಲದಿಂದ ಡಿಸ್ಕನ್ನು ಒತ್ತಿಕೊಂಡೇ ಇರುತ್ತದೆ.

ನಿಮ್ಮ ಮಾಸ್ಟರ್ ಸಿಲಿಂಡರ್ 1971ರದ್ದು, ಅಂದರೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಗಾಡಿಯದ್ದು. ಹಿಂದಿನ ಬ್ರೇಕಿನ ಕಿಂಡಿಯಲ್ಲಿ ಈ ವಾಲ್ವ್ ಇರುವ ಸಾಧ್ಯತೆ ಜಾಸ್ತಿ. ನೋಡುವುದು ಸುಲಭ. ಆ ಪೈಪ್ ಬಿಚ್ಚಿ, ಪೇಪರ್ ಕ್ಲಿಪ್ ನೇರ ಮಾಡಿ ಕಿಂಡಿಯೊಳಗೆ ಮೆಲ್ಲಗೆ ತೂರಿಸಿ. ಸಲೀಸಾಗಿ ಒಳಗೆ ಹೋದರೆ ವಾಲ್ವ್ ಇಲ್ಲ. ಅರ್ಧ ಇಂಚು ಹೋಗುವುದರಲ್ಲಿ ಮೆತ್ತಗಿನ ರಬ್ಬರಿಗೆ ತಡೆದಂತೆ ಆದರೆ ಇದೆ. ಪೈಪಿನ ತುದಿ ಕೂರುವ ಹಿತ್ತಾಳೆ ಸೀಟಿನ ಹಿಂದೆ ವಾಲ್ವ್ ಕೂತಿರುತ್ತದೆ. ಸೀಟಿಗೆ ಒಂದು ಸ್ಕ್ರೂ ತಿರುಗಿಸಿ, ಸ್ಕ್ರೂ ಹಿಡಿದು ಎಳೆದರೆ ಸೀಟು ಬರುತ್ತದೆ. ಒಳಗಿನ ರಬ್ಬರು, ಸ್ಪ್ರಿಂಗ್ ತೆಗೆದು, ಲೋಹದ ಚೂರು ಉಳಿಯದಂತೆ ತೊಳೆದು, ಹೊಸ ಸೀಟು ಕೂರಿಸಬೇಕು. ಇಷ್ಟಕ್ಕೆ ಧೈರ್ಯ ಇಲ್ಲದಿದ್ದರೆ ನಾಲ್ಕೂ ಡಿಸ್ಕ್ ಇರುವ ಗಾಡಿಯ ಮಾಸ್ಟರ್ ಸಿಲಿಂಡರ್ ತಂದುಬಿಡಿ. (ಮಾಸ್ಟರ್ ಸಿಲಿಂಡರ್ ಕಾಲಡಿ ಫ್ಲೋರ್ ಕೆಳಗಿರುವ 1950ರ ದಶಕದ ಪಿಕಪ್‌ಗಳ ವಿಷಯ ಬೇರೆ. ಅವುಗಳಲ್ಲಿ ಎಣ್ಣೆ ಕ್ಯಾಲಿಪರಿನಿಂದ ವಾಪಸ್ ಹರಿದುಬಿಡುತ್ತದೆ ಅಂತ ಡಿಸ್ಕಿಗೂ 2 ಪಿಎಸ್‌ಐ ವಾಲ್ವ್ ಹಾಕುತ್ತಾರೆ. ನಿಮ್ಮದು ಬಾನೆಟ್ ಒಳಗೆ ಎತ್ತರದಲ್ಲಿದೆ, ಬೇಡ.)

ಇಲ್ಲಿಗೆ ನಿಮ್ಮ ಎರಡನೇ ಪ್ರಶ್ನೆಗೆ ಬಂದೆವು. ವಾಲ್ವ್ ತೆಗೆದ ಮೇಲೆ ಅದೇ ಮಾಸ್ಟರ್ ಸಿಲಿಂಡರ್ ನಡೆಯುತ್ತದಾ ಅನ್ನುವುದು ಅದರ ಬೋರ್ (ಒಳಗಿನ ಅಡ್ಡಳತೆ) ಮೇಲೆ ಹೋಗುತ್ತದೆ. ದೊಡ್ಡ ಬೋರ್ ಜಾಸ್ತಿ ಎಣ್ಣೆ ತಳ್ಳುತ್ತದೆ, ಒತ್ತಡ ಕಡಿಮೆ. ಚಿಕ್ಕ ಬೋರ್ ಉಲ್ಟಾ. 1 ಇಂಚಿಗಿಂತ 1 1/8 ಇಂಚಿನ ಬೋರ್ ಸುಮ್ನೆ ಕೂದಲೆಳೆ ದೊಡ್ಡದು ಅಂತ ಕಾಣುತ್ತದೆ, ಆದರೆ ಅದು ತಳ್ಳುವ ಎಣ್ಣೆ ಶೇಕಡಾ 27 ಜಾಸ್ತಿ. ನಿಮಗೆ ಬೂಸ್ಟರ್ ಇರುವುದರಿಂದ 1 1/8 ಇಂಚು ಸರಿ. ಹಿಂದೆ ದೊಡ್ಡ ಪಿಸ್ಟನ್ ಕೂತ ಮೇಲೆ ಅಷ್ಟು ಎಣ್ಣೆ ಬೇಕಾಗುತ್ತದೆ. ಬೂಸ್ಟರ್ ಇಲ್ಲದ ಗಾಡಿಗೆ ಅದೇ ಬೋರ್ ಹಾಕಿದರೆ ಪೆಡಲ್ ಮೇಲೆ ನಿಂತುಕೊಳ್ಳಬೇಕಾದೀತು. ಇನ್ನೊಂದು ವಿಷಯ: ಡ್ರಮ್ ಕಡೆಯ ಎಣ್ಣೆ ಖಾನೆ ಚಿಕ್ಕದಾಗಿರುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಖಾಲಿಯಾದ ಜಾಗಕ್ಕೆ ಎಣ್ಣೆ ಇಳಿಯುತ್ತದೆ. ಸೋರಿಕೆ ಇಲ್ಲದಿದ್ದರೂ ಮಟ್ಟ ಇಳಿಯುತ್ತದೆ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡುವ ಅಭ್ಯಾಸ ಇದ್ದರೆ ಸಾಕು.

ಮುಂದಿನದು ಫ್ರೇಮಿಗೆ ಬಿಗಿದಿರುವ ಹಿತ್ತಾಳೆಯ ಕಾಂಬಿನೇಶನ್ ವಾಲ್ವ್. ಕಿಟ್ ಹಾಕಿದ ಹೆಚ್ಚಿನವರು ಇದನ್ನು ಮರೆಯುತ್ತಾರೆ. ಡಿಸ್ಕ್-ಡ್ರಮ್ ಗಾಡಿಯ ವಾಲ್ವ್, ಒತ್ತಡ ಒಂದು ಹಂತ ದಾಟಿದ ಮೇಲೆ ಹಿಂದಿನ ಬ್ರೇಕಿಗೆ ಹೋಗುವುದನ್ನು ಕತ್ತರಿಸುತ್ತದೆ. ಡ್ರಮ್ ತಾನೇ ಜಾಸ್ತಿ ಒತ್ತಿಕೊಳ್ಳುತ್ತದಲ್ಲ, ಅದಕ್ಕೆ. ಅದೇ ವಾಲ್ವ್ ಇಟ್ಟುಕೊಂಡು ಡಿಸ್ಕ್ ಹಾಕಿದರೆ ಹಿಂದಿನ ಬ್ರೇಕ್ ಹೆಸರಿಗೆ ಮಾತ್ರ. ವರ್ಷ ಕಳೆದರೂ ಹಿಂದಿನ ಪ್ಯಾಡು ಹೊಸದರ ಹಾಗೇ ಇದೆ, ಎಷ್ಟು ಬಾಳಿಕೆ ನೋಡಿ ಅಂತ ಹೆಮ್ಮೆ ಪಡುವವರನ್ನು ನೋಡಿದ್ದೇನೆ. ಬಾಳಿಕೆ ಅಲ್ಲ ಸ್ವಾಮಿ, ಅದು ಕೆಲಸವನ್ನೇ ಮಾಡಿಲ್ಲ.

ನನ್ನ ಸಲಹೆ, ಕಂಪನಿ ವಾಲ್ವಿನ ಬದಲು ನಾಲ್ಕು ಡಿಸ್ಕಿನ ವಾಲ್ವ್ ಅಥವಾ ಒತ್ತಡವನ್ನು ಕೈಯಿಂದ ತಿರುಗಿಸಿ ಹೆಚ್ಚು ಕಡಿಮೆ ಮಾಡುವ ಪ್ರೊಪೋರ್ಶನಿಂಗ್ ವಾಲ್ವ್ ಹಾಕಿ. ಎರಡನೆಯದಾದರೆ ಹಿಂದಿನ ಪೈಪಿಗೆ ಮಾತ್ರ, ಮುಂದಿನದಕ್ಕೆ ಯಾವತ್ತೂ ಅಲ್ಲ. ಹಳೆಯ ವಾಲ್ವ್ ಹಾಗೇ ಬಿಟ್ಟು ಅದರ ಹಿಂದೆ ಇನ್ನೊಂದು ಸೇರಿಸುವುದೂ ಬೇಡ. ಎರಡೂ ಒಂದರ ಮೇಲೊಂದು ಕತ್ತರಿಸುತ್ತವೆ. ಹೊಂದಿಸುವಾಗ ಪಿಕಪ್ಪಿನ ಹಿಂದಿನ ತೊಟ್ಟಿ ಖಾಲಿ ಇರಲಿ. ಜನ, ಗಾಡಿ ಇಲ್ಲದ ಅಗಲ ಜಾಗಕ್ಕೆ ಹೋಗಿ. ಹಿಂದಿನ ಒತ್ತಡ ಪೂರ್ತಿ ಕಡಿಮೆ ಮಾಡಿಕೊಂಡು ಶುರು ಮಾಡಿ. ಗಂಟೆಗೆ 40 ಕಿಲೋಮೀಟರಿನಿಂದ ಗಟ್ಟಿ ಬ್ರೇಕ್, ಹೊರಗೆ ದೂರದಲ್ಲಿ ನಿಂತ ಒಬ್ಬರು ಯಾವ ಚಕ್ರ ಮೊದಲು ನಿಂತಿತು ಅಂತ ನೋಡಬೇಕು. ಪ್ರತಿ ಸಲ ಸ್ವಲ್ಪಸ್ವಲ್ಪ ಜಾಸ್ತಿ ಮಾಡುತ್ತಾ ಬನ್ನಿ. ಹಿಂದಿನದು ಮೊದಲು ನಿಂತ ತಕ್ಷಣ ಒಂದು ಸುತ್ತು ವಾಪಸ್ ತಿರುಗಿಸಿ, ಮತ್ತೆ ನೋಡಿ, ಮುಂದಿನದೇ ಮೊದಲು ನಿಲ್ಲುತ್ತದೆ ಅಂತ ಖಾತ್ರಿಯಾದರೆ ಬಿಡಿ. ಭಾರ ಹೇರಿದಾಗ ಹಿಂದಿನ ಟೈರಿಗೆ ಹಿಡಿತ ಹೆಚ್ಚೇ ಆಗುತ್ತದೆ. ಹಾಗಾಗಿ ಖಾಲಿ ಗಾಡಿಗೆ ಹೊಂದಿಸಿದ್ದು ಭಾರಕ್ಕೂ ಮೋಸ ಮಾಡುವುದಿಲ್ಲ. ಭಾರ ಹೇರಿ ಹೊಂದಿಸಿ ಖಾಲಿ ಓಡಿಸಿದರೆ ಮಾತ್ರ ಅಪಾಯ.

ಪಾರ್ಕಿಂಗ್ ಬ್ರೇಕ್. ಅಗ್ಗದ ಕಿಟ್‌ಗಳಲ್ಲಿ ಅದು ಇರುವುದೇ ಇಲ್ಲ, ಯಾವುದೋ ಕಾರಿನ ಮುಂದಿನ ಕ್ಯಾಲಿಪರನ್ನೇ ಹಿಂದಕ್ಕೆ ತಂದಿರುತ್ತಾರೆ. ಅಂಥದ್ದು ತರಬೇಡಿ. ಬ್ರೇಕ್ ಎಣ್ಣೆಯ ಒತ್ತಡ ಹಿಡಿದಿಡುವ ಲೈನ್ ಲಾಕ್ ಹಾಕಿ ಪಾರ್ಕಿಂಗ್ ಬ್ರೇಕ್ ಅನ್ನುವವರ ಮಾತನ್ನೂ ಕೇಳಬೇಡಿ. ಒಂದು ಸೀಲ್ ತುಸು ಸೋರಿದರೆ ರಾತ್ರಿ ಬೆಳಗಾಗುವುದರಲ್ಲಿ ಗಾಡಿ ಇಳಿಜಾರಿನ ಕೆಳಗಿರುತ್ತದೆ. ಉಳಿದದ್ದು ಎರಡು ದಾರಿ. ಒಂದು, ಕ್ಯಾಲಿಪರಿನೊಳಗೇ ಕೇಬಲ್ ಎಳೆಯುವ ಲಿವರ್ ಇರುವುದು. 1979ರಿಂದ 1985ರ ಕ್ಯಾಡಿಲಾಕ್ ಎಲ್ಡೊರಾಡೊದ ಹಿಂದಿನ ಕ್ಯಾಲಿಪರ್ ಇಂಥದ್ದು, ಬಹಳ ಕಿಟ್‌ಗಳಲ್ಲಿ ಅದನ್ನೇ ಕೊಡುತ್ತಾರೆ. ಇದರ ಸ್ವಭಾವ ಗೊತ್ತಿರಬೇಕು. ಪ್ಯಾಡ್ ಸವೆದಂತೆ ಇದು ಹತ್ತಿರ ಬರುವುದು ಪಾರ್ಕಿಂಗ್ ಬ್ರೇಕ್ ಎಳೆದು ಬಿಟ್ಟಾಗ. ದಿನಾ ಎಳೆಯದಿದ್ದರೆ ಪೆಡಲ್ ಮತ್ತೆ ಕೆಳಗೆ ಹೋಗುತ್ತದೆ, ಏರ್ ಇದೆ ಅಂದುಕೊಂಡು ನೀವು ಬಾಟಲಿಗಟ್ಟಲೆ ಎಣ್ಣೆ ಸುರಿಯುತ್ತೀರಿ. ಕೂರಿಸುವಾಗಲೇ ಪ್ಯಾಡಿಗೂ ಡಿಸ್ಕಿಗೂ ನಡುವೆ ಒಂದು ಮಿಲಿಮೀಟರಿಗಿಂತ ಕಡಿಮೆ ಸಂದು ಇರುವಂತೆ ಮಾಡಿಕೊಳ್ಳಿ. ಎರಡನೆಯದು, ಡಿಸ್ಕಿನ ನಡುವೆ ಉಬ್ಬಿರುವ ಟೋಪಿಯಂಥ ಭಾಗದೊಳಗೆ ಚಿಕ್ಕ ಡ್ರಮ್ ಬ್ರೇಕ್ ಇರುವುದು. 1995ರಿಂದ 2001ರ ಫೋರ್ಡ್ ಎಕ್ಸ್‌ಪ್ಲೋರರ್ ಹಿಂದಿನ ಆಕ್ಸಲ್‌ನಲ್ಲಿ ಇರುವ ಬಗೆ ಇದು. ನನಗೆ ಇದೇ ಇಷ್ಟ. ಓಡುವಾಗಿನ ಬ್ರೇಕಿಗೂ ನಿಂತಾಗಿನ ಬ್ರೇಕಿಗೂ ಸಂಬಂಧ ಇಲ್ಲ, ಒಂದು ಕೆಟ್ಟರೆ ಇನ್ನೊಂದು ಇದೆ.

ಇನ್ನು ಬಿಚ್ಚಿ ಕಟ್ಟುವ ಕೆಲಸ. ನಿಮ್ಮದು 12 ಬೋಲ್ಟಿನ ಆಕ್ಸಲ್ (ಕವರಿಗೆ 12 ಬೋಲ್ಟ್ ಇರುವುದು) ಆದರೆ ಶೂಗಳನ್ನು ಹೊತ್ತಿರುವ ಬ್ಯಾಕಿಂಗ್ ಪ್ಲೇಟ್ ತೆಗೆಯಲು ಆಕ್ಸಲ್ ಶಾಫ್ಟ್ ಹೊರಗೆ ಬರಬೇಕು, ಅದನ್ನು ಒಳಗಿನಿಂದ ಸಿ-ಕ್ಲಿಪ್ ಹಿಡಿದಿರುತ್ತದೆ. ಗೇರ್ ಆಯಿಲ್ ಇಳಿಸಿ, ಕವರ್ ಬಿಚ್ಚಿ, ನಡುವಿನ ಪಿನ್ನಿನ ಲಾಕ್ ಬೋಲ್ಟ್ ತೆಗೆಯಬೇಕು. ಈ ಬೋಲ್ಟ್ ತುಂಡಾಗುವುದಕ್ಕೇ ಹೆಸರುವಾಸಿ, ಅವಸರ ಬೇಡ. ಪಿನ್ ಹೊರಗಿರುವಾಗ ಚಕ್ರ ತಿರುಗಿಸಲೇಬೇಡಿ, ಒಳಗಿನ ಸಣ್ಣ ಗೇರುಗಳು ಉರುಳಿ ಕೈಗೆ ಬರುತ್ತವೆ. ಶಾಫ್ಟ್ ಒಳಕ್ಕೆ ತಳ್ಳಿದರೆ ಕ್ಲಿಪ್ ಬೀಳುತ್ತದೆ, ಶಾಫ್ಟ್ ಹೊರಗೆ ಜಾರುತ್ತದೆ. ಬೇರಿಂಗ್ ಓಡುವ ಜಾಗಕ್ಕೆ ಉಗುರು ಆಡಿಸಿ ನೋಡಿ, ಗೀರು ಸಿಕ್ಕಿದರೆ ಶಾಫ್ಟ್ ಮುಗಿದಿದೆ. ಆಯಿಲ್ ಸೀಲ್ ಮಾತ್ರ ಕೇಳದೇ ಬದಲಿಸಿ. ಹೊಸ ಪ್ಯಾಡಿಗೆ ಗೇರ್ ಆಯಿಲ್ ಬಿದ್ದರೆ ಅದು ಎಸೆಯುವುದಕ್ಕೇ ಲಾಯಕ್ಕು.

ಹೇಗೂ ಶಾಫ್ಟ್ ಹೊರಗೆ ಬರುತ್ತದಲ್ಲ, ಆಗ ಇನ್ನೊಂದು ಯೋಚನೆ ಮಾಡಿ. 1971ರಲ್ಲಿ ಸಿ-10ಗೆ ಮುಂದೆ ಡಿಸ್ಕ್ ಬಂದಾಗ ಚಕ್ರ ಬಿಗಿಯುವ ಆರು ಸ್ಟಡ್ ಹೋಗಿ ಐದು ಸ್ಟಡ್ ಬಂತು. ನಿಮ್ಮ ಗಾಡಿಯಲ್ಲಿ ಈಗ ಮುಂದೆ ಐದು, ಹಿಂದೆ ಆರು ಇರಬೇಕು. ಅಂದರೆ ಸ್ಟೆಪ್ನಿ ಯಾವುದಾದರೂ ಒಂದು ಕಡೆಗೆ ಮಾತ್ರ ಹೊಂದುತ್ತದೆ. ಐದು ಸ್ಟಡ್ಡಿನ ಶಾಫ್ಟ್ ಈಗಲೇ ಹಾಕಿಬಿಟ್ಟರೆ ಆ ತಲೆನೋವು ಮುಗಿಯಿತು. ಕಿಟ್ ಆರ್ಡರ್ ಮಾಡುವ ಮೊದಲೇ ಇದನ್ನು ತೀರ್ಮಾನ ಮಾಡಿ, ಡಿಸ್ಕಿನ ತೂತುಗಳು ಅದರ ಮೇಲೇ ನಿಂತಿವೆ. ರಿಮ್ ಒಳಗೆ ಕ್ಯಾಲಿಪರ್ ಹಿಡಿಸುತ್ತದಾ ಅಂತಲೂ ಅಳೆದುಕೊಳ್ಳಿ. 15 ಇಂಚಿನ ರಿಮ್ ಆದರೂ ಒಳಗಿನ ಆಕಾರ ಎಲ್ಲಾ ಒಂದೇ ಅಲ್ಲ.

ಡಿಸ್ಕ್ ಕೂರಿಸುವ ಮೊದಲು ಆಕ್ಸಲ್ ಮುಖದ ತುಕ್ಕು ಹೊಳೆಯುವಂತೆ ಉಜ್ಜಿ. ಅಲ್ಲಿ ಕೂದಲೆಳೆ ತುಕ್ಕು ಉಳಿದರೂ ಡಿಸ್ಕಿನ ಅಂಚಿನಲ್ಲಿ ಅದು ದೊಡ್ಡ ಓಲಾಟ ಆಗುತ್ತದೆ. ಡಯಲ್ ಗೇಜ್ ಇಟ್ಟು ತಿರುಗಿಸಿ, 0.1 ಮಿಲಿಮೀಟರ್ ಒಳಗಿರಬೇಕು. ಸಿ-ಕ್ಲಿಪ್ ಶಾಫ್ಟ್ ಒಳಗೆ ಹೊರಗೆ ತುಸು ಆಡುತ್ತದೆ. ಆಟ ಜಾಸ್ತಿ ಇದ್ದರೆ ತಿರುವಿನಲ್ಲಿ ಡಿಸ್ಕ್ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ, ಮುಂದಿನ ಸಲ ಪೆಡಲ್ ಕೆಳಗೆ. ಅದಕ್ಕೇ ಈ ಆಕ್ಸಲ್ಲಿಗೆ ಪಿನ್ ಮೇಲೆ ಜಾರುವ ಕ್ಯಾಲಿಪರ್ ವಾಸಿ, ಎರಡೂ ಕಡೆ ಪಿಸ್ಟನ್ ಇರುವ ಸ್ಥಿರ ಕ್ಯಾಲಿಪರ್ ಅಲ್ಲ. ಪೈಪ್ ಕತ್ತರಿಸಿ ಜೋಡಿಸುವಲ್ಲಿ ಡಬಲ್ ಫ್ಲೇರ್ ಮಾಡಿ, ಅಂದರೆ ತುದಿಯನ್ನು ಅಗಲಿಸಿ ಎರಡು ಪದರವಾಗಿ ಮಡಚಿ. ಕಂಪ್ರೆಶನ್ ಫಿಟ್ಟಿಂಗ್ ಮನೆಯ ನಲ್ಲಿಯ ನೀರಿಗೆ ಸರಿ, ಬ್ರೇಕಿಗಲ್ಲ.

ಏರ್ ತೆಗೆಯುವಾಗ ಒಂದು ಮಾತು ನೆನಪಿಡಿ: ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಏರ್ ಹೊರಬಿಡುವ ಬಾಯಿ) ಮೇಲ್ಗಡೆ ಇರಬೇಕು. ಎಡಬಲ ಕ್ಯಾಲಿಪರ್ ಅದಲುಬದಲಾದರೂ ಬೋಲ್ಟ್ ಸರಿಯಾಗಿಯೇ ಕೂರುತ್ತದೆ, ನಿಪ್ಪಲ್ ಮಾತ್ರ ಕೆಳಗೆ ಹೋಗಿರುತ್ತದೆ. ಗಾಳಿ ಮೇಲೆ ಕೂತಿರುತ್ತದೆ, ನೀವು ಕೆಳಗಿನಿಂದ ಬರೀ ಎಣ್ಣೆ ತೆಗೆಯುತ್ತಿರುತ್ತೀರಿ. ದಿನವಿಡೀ ಪಂಪ್ ಮಾಡಿದರೂ ಪೆಡಲ್ ಸ್ಪಂಜಿನ ಹಾಗೇ. ಮಾಸ್ಟರ್ ಸಿಲಿಂಡರಿನಿಂದ ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು ಮಾಡಿ. ಎಣ್ಣೆ ಡಾಟ್ 3 ಅಥವಾ ಡಾಟ್ 4. ಸಿಲಿಕೋನಿನ ಡಾಟ್ 5 ಇದಕ್ಕೆ ಬೆರೆಸಬಾರದು.

ಆಮೇಲೆ ಪ್ಯಾಡ್ ಪಳಗಿಸಬೇಕು. 50ರಿಂದ 10 ಕಿಲೋಮೀಟರ್ ವೇಗಕ್ಕೆ ಎಂಟು ಹತ್ತು ಸಲ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ನಡುವೆ ಗಾಳಿಗೆ ಆರಲು ಬಿಡಿ. ಮನೆಗೆ ಬಂದ ಮೇಲೆ ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಹಿಂದಿನ ಎರಡೂ ರಿಮ್ಮಿನ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಎರಡೂ ಕಡೆ ಶಾಖ ಒಂದೇ ತರ ಇರಬೇಕು. ಒಂದೇ ಕಡೆ ಕುದಿಯುತ್ತಿದ್ದರೆ ಆ ಕ್ಯಾಲಿಪರ್ ಪಿನ್ನು ಹಿಡಿದುಕೊಂಡಿದೆ. ಎರಡೂ ಕುದಿಯುತ್ತಿದ್ದರೆ ಪೇಪರ್ ಕ್ಲಿಪ್ ತಗೊಂಡು ಬಾನೆಟ್ ಎತ್ತಿ.